ಫೈನಲ್ ಫ್ಯಾಂಟಸಿ 10 ಫಸ್ಟ್ ಟೈಮ್ ಆಡ್ತಿದೀನಿ, ಕಥೆನೂ ಸ್ಫಿಯರ್ ಗ್ರಿಡ್ಡೂ ಎರಡೂ ತಲೆ ಮೇಲೆ ಹೋಗ್ತಿದೆ (ದಯವಿಟ್ಟು ಸ್ಪಾಯ್ಲರ್ ಬೇಡ)

ರಾತ್ರಿಗೇಮರ್

ಎಲ್ರಿಗೂ ನಮಸ್ಕಾರ. ಪಿಎಸ್4ಲಿ ಎಚ್‌ಡಿ ರೀಮಾಸ್ಟರ್ ಶುರು ಮಾಡಿ ಹತ್ತು ಗಂಟೆ ಆಯ್ತು. ಲೂಕಾ ದಾಟಿ ಈಗ ಮಿಹೆನ್ ಹೈರೋಡ್‌ನಲ್ಲಿದೀನಿ. ಇದಕ್ಕೆ ಮುಂಚೆ ನಾನು ಆಡಿದ ಜಪಾನೀಸ್ ಆರ್‌ಪಿಜಿಗಳು ಎಲ್ಲಾ ಇತ್ತೀಚಿನವು, ಓಪನ್ ಮ್ಯಾಪು, ಓಡಾಡ್ಕೊಂಡು ಹೊಡೆಯೋದು ಆ ಥರ. ಇದು ಬೇರೇನೇ ಇದೆ. ಚೆನ್ನಾಗಿಲ್ಲ ಅಂತ ಹೇಳ್ತಿಲ್ಲ, ಆದ್ರೆ ನನಗೆ ಏನೋ ಮಿಸ್ ಆಗ್ತಿದೆ ಅನ್ಸುತ್ತೆ.

ಮೊದಲನೇದು ಕಥೆ. ಈ ಸಿನ್ ಅಂದ್ರೆ ಏನು, ತಿಮಿಂಗಿಲಾನಾ ದೇವರಾ ಶಾಪಾನಾ? ಹೀರೋ ಟೀಡಸ್ ಊರು ಝಾನಾರ್ಕಂಡ್ ಸಾವಿರ ವರ್ಷದ ಹಿಂದೆ ಹಾಳಾಗಿದೆ ಅಂತಾರೆ, ಅವನು ಮೊನ್ನೆ ಅಲ್ಲೇ ಬ್ಲಿಟ್ಸ್‌ಬಾಲ್ (ನೀರೊಳಗೆ ಆಡೋ ಚೆಂಡಾಟ) ಮ್ಯಾಚ್ ಆಡ್ತಿದ್ದ, ಹಾಗಾದ್ರೆ ಇದು ಟೈಮ್ ಟ್ರಾವೆಲ್ಲಾ? ಯೆವೊನ್ ಅನ್ನೋದು ಮನುಷ್ಯನ ಹೆಸರಾ ಧರ್ಮದ ಹೆಸರಾ? ತಲೆ ಬುಡ ಗೊತ್ತಾಗ್ತಿಲ್ಲ.

ಎರಡನೇದು ಸ್ಫಿಯರ್ ಗ್ರಿಡ್, ಅಂದ್ರೆ ಪಾತ್ರಗಳ ಶಕ್ತಿ ಬೆಳೆಸೋ ಪಟ. ಓಪನ್ ಮಾಡಿದ್ರೆ ಯಾರೋ ಸರ್ಕ್ಯೂಟ್ ಬೋರ್ಡ್ ತಂದು ಮುಖಕ್ಕೆ ಹಿಡಿದ ಹಾಗಿದೆ, ಹೆದರ್ಕೊಂಡು ಎಲ್ರದ್ದೂ ಲೆವೆಲ್ ಹಾಗೇ ಕೂಡಿ ಹಾಕಿದೀನಿ, ಔರಾನ್‌ದು ಒಂದೂ ಖರ್ಚು ಮಾಡಿಲ್ಲ.

ಮೂರನೇದು ದಾರಿ. ಬರೀ ಮೂಗಿನ ನೇರಕ್ಕೆ ನಡೆಯೋದೇ ಆಯ್ತಲ್ಲ, ಮ್ಯಾಪಲ್ಲಿ ಒಂದು ಬಾಣದ ಗುರುತು, ಅದರ ಹಿಂದೆ ಹೋಗೋದು. ಪೂರ್ತಿ ಗೇಮ್ ಹಿಂಗೇನಾ?

ಇನ್ನೊಂದು ಸಣ್ಣ ವಿಷ್ಯ. ಟೀಡಸ್ ಏನಾದ್ರೂ "ಸಿನ್ ಸೋತ್ಮೇಲೆ ಹಂಗ್ ಮಾಡೋಣ ಹಿಂಗ್ ಮಾಡೋಣ" ಅಂದಾಗೆಲ್ಲ ಉಳಿದೋರು ಒಂದು ಎರಡು ಸೆಕೆಂಡ್ ಸುಮ್ನೆ ನಿಂತ್ಬಿಡ್ತಾರೆ. ಹಳೇ ಗೇಮ್ ಅಲ್ವಾ, ವಾಯ್ಸ್ ಟೈಮಿಂಗ್ ಸರಿ ಕೂತಿಲ್ಲ ಅನ್ಸುತ್ತೆ, ಇಲ್ಲಾ ನನ್ನ ಡಿಸ್ಕ್ ಪ್ರಾಬ್ಲಮ್ಮಾ? ಮತ್ತೆ ಆ ಲೂಕಾದಲ್ಲಿ ಟೀಡಸ್ ಯೂನಾ ನಿಂತ್ಕೊಂಡು ಹಾಹಾಹಾ ಅಂತ ನಗೋ ಸೀನ್... ಯಪ್ಪಾ, ಯಾರಾದ್ರೂ ನೋಡಿದ್ರೆ ಅಂತ ಟೀವಿ ಸೌಂಡ್ ಕಮ್ಮಿ ಮಾಡ್ದೆ.

ಹಳೇಮೆಮೊರಿಕಾರ್ಡ್

ನಿಮ್ಮ ಕೊನೇ ಪ್ಯಾರಾ ಓದಿ ನಗು ಬಂತು, ಅದಕ್ಕೆ ಈಗ ಉತ್ತರ ಹೇಳಲ್ಲ. ಡಿಸ್ಕ್ ಸರಿ ಇದೆ. ಅಷ್ಟು ಮಾತ್ರ ತಿಳ್ಕೊಳಿ.

ಕಥೆ ಬಗ್ಗೆ, ನೀವು ಇಷ್ಟೊತ್ತಿಗೆ ನೋಡಿರೋದ್ರ ಒಳಗೇ ಹೇಳ್ತೀನಿ, ಮುಂದಿಂದು ಮುಟ್ಟಲ್ಲ. ಸ್ಪೀರಾ ಅನ್ನೋ ಜಗತ್ತಲ್ಲಿ ಸಾವಿರ ವರ್ಷದಿಂದ ಸಿನ್ ಅನ್ನೋದು ಬರುತ್ತೆ, ಊರು ಒಡೆಯುತ್ತೆ, ಹೋಗುತ್ತೆ. ಹಿಂದಿನ ಜನ ಮಕಿನಾ, ಅಂದ್ರೆ ಯಂತ್ರಗಳು, ಅದನ್ನ ನೆಚ್ಕೊಂಡು ಸೊಕ್ಕಿದ್ರು, ಆ ಪಾಪಕ್ಕೆ ಇದು ಶಿಕ್ಷೆ ಅಂತ ಯೆವೊನ್ ಮಠದೋರು ಹೇಳ್ತಾರೆ. ಗಮನಿಸಿ, ಅವರು ಹೇಳ್ತಾರೆ ಅಂದೆ. ಯೂನಾ ಥರ ಸಮನ್ನರ್ ಆದೋರು ಒಂದೊಂದೇ ದೇವಸ್ಥಾನಕ್ಕೆ ಹೋಗಿ ಅಲ್ಲಿರೋ ಫೇಯ್ತ್ ಅನ್ನೋ ಆತ್ಮಗಳ ಹತ್ರ ಪ್ರಾರ್ಥನೆ ಮಾಡಿ ಎಯಾನ್, ಅಂದ್ರೆ ಕರೆದಾಗ ಬಂದು ಹೋರಾಡೋ ಜೀವಿ, ಅದನ್ನ ಪಡ್ಕೊಂಡು, ಕೊನೆಗೆ ಝಾನಾರ್ಕಂಡ್ ಅವಶೇಷಕ್ಕೆ ಹೋಗಿ ಫೈನಲ್ ಎಯಾನ್ ತಗೊಂಡು ಸಿನ್ ಸೋಲಿಸ್ತಾರೆ. ಸೋಲಿಸಿದ್ರೆ ಕಾಮ್ ಅನ್ನೋ ನೆಮ್ಮದಿ ಕಾಲ ಬರುತ್ತೆ, ಸ್ವಲ್ಪ ವರ್ಷಕ್ಕೆ ಸಿನ್ ಮತ್ತೆ ಹುಟ್ಟುತ್ತೆ. ಯೂನಾ ಅಪ್ಪ ಬ್ರಾಸ್ಕಾ ಹತ್ತು ವರ್ಷದ ಹಿಂದೆ ಸೋಲಿಸಿದ್ದ, ಅದಕ್ಕೇ ದಾರಿಲಿ ಸಿಗೋ ಮುದುಕರೆಲ್ಲ ಅವಳಿಗೆ ಕೈ ಮುಗಿಯೋದು.

ಕಿಲಿಕಾ ನೆನಪಿದ್ಯಾ, ಸಿನ್ ಊರು ಕೊಚ್ಕೊಂಡು ಹೋದ್ಮೇಲೆ ಯೂನಾ ನೀರಿನ ಮೇಲೆ ಕುಣಿತಾಳಲ್ಲ, ಅದು ಶೋಗೆ ಇಟ್ಟಿರೋ ಡ್ಯಾನ್ಸ್ ಅಲ್ಲ. ಸತ್ತೋರನ್ನ ಕಳಿಸಿಕೊಡೋ ವಿಧಿ. ಹಾಗೆ ಕಳಿಸದಿದ್ರೆ ಸತ್ತೋರು ಬದುಕಿರೋರ ಮೇಲೆ ಹೊಟ್ಟೆ ಉರ್ಕೊಂಡು ಉರ್ಕೊಂಡು ಕೊನೆಗೆ ಫೀಂಡ್ ಆಗ್ತಾರೆ. ಅಂದ್ರೆ ನೀವು ಹೈರೋಡಲ್ಲಿ ಹತ್ತು ಹೆಜ್ಜೆಗೊಂದು ಹೊಡೀತಿರೋ ರಾಂಡಮ್ ಎನ್‌ಕೌಂಟರ್ ಪ್ರತಿಯೊಂದೂ ಯಾರೋ ಕಳಿಸದೇ ಬಿಟ್ಟ ಸತ್ತ ಮನುಷ್ಯನೇ. ಸತ್ತಾಗ ಬಣ್ಣದ ಬೆಳಕಿನ ಹುಳ ಥರ ಮೇಲಕ್ಕೆ ಹೋಗುತ್ತಲ್ಲ, ಪೈರ್‌ಫ್ಲೈ, ಕಿಲಿಕಾದಲ್ಲಿ ಶವದಿಂದ ಎದ್ದಿದ್ದೂ ಅದೇ. ಈ ಒಂದು ವಿಷ್ಯ ತಲೆಗೆ ಹೋದ ದಿನ ನಾನು ಕಂಟ್ರೋಲರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಟೈಮ್ ಟ್ರಾವೆಲ್ಲಾ ಅಂತ ಕೇಳಿದ್ರಿ, ಟೀಡಸ್‌ಗೂ ಅದೇ ಡೌಟು, ಅವನ ಜೊತೆನೇ ನೀವೂ ಇರಿ. ಒಂದು ಸುಳಿವು ಮಾತ್ರ, ನೀವು ಆಗ್ಲೇ ನೋಡಿರೋದು: ಯೆವೊನ್ ಪ್ರಾರ್ಥನೆಗೆ ಕೈ ಹಿಡಿಯೋ ರೀತಿ ಇದ್ಯಲ್ಲ, ಅದು ಟೀಡಸ್ ಊರಲ್ಲಿ ಬ್ಲಿಟ್ಸ್‌ಬಾಲ್ ಗೆಲುವಿನ ಸನ್ನೆ. ಬೆಸೈಡಲ್ಲಿ ಅವನೇ ಹೇಳ್ತಾನೆ, ಎಲ್ರೂ ಗಮನ ಕೊಡದೆ ದಾಟ್ಕೊಂಡು ಹೋಗ್ತಾರೆ. ಇನ್ನು ಆ ದಾರಿಲಿ ಮೇಚೆನ್ ಅಂತ ಒಬ್ಬ ಮುದುಕ ಪಂಡಿತ ಸಿಕ್ತಾನೆ, ಸಿಕ್ಕಾಗೆಲ್ಲ ಮಾತಾಡ್ಸಿ. ಬಿಟ್ರೆ ಬಿಡಲ್ಲ ಅಷ್ಟು ಕೊರೀತಾನೆ, ಆದ್ರೆ ಸ್ಪೀರಾ ಇತಿಹಾಸ ಪೂರ್ತಿ ಅವನ ಬಾಯಲ್ಲೇ ಇದೆ.

ನಗೋ ಸೀನು: ಅದು ಕೆಟ್ಟದಾಗೇ ಇರ್ಬೇಕು ಅಂತ ಮಾಡಿರೋದು. ಅಪ್ಪನ ವಿಷ್ಯ ಕೇಳಿ ಅವನಿಗೆ ತಲೆ ಕೆಟ್ಟಿದೆ, ಬೇಜಾರಾದಾಗ್ಲೂ ನಗೋದು ಕಲೀಬೇಕು ಅಂತ ಅವಳು ಹೇಳ್ತಾಳೆ, ಇಬ್ರೂ ಬಲವಂತಕ್ಕೆ ನಗ್ತಾರೆ, ಆಮೇಲೆ ಆ ನಗು ಎಷ್ಟು ದರಿದ್ರವಾಗಿತ್ತು ಅಂತ ನಿಜವಾಗ್ಲೂ ನಗು ಬರುತ್ತೆ. ಜನ ಮೊದಲ ಹತ್ತು ಸೆಕೆಂಡ್ ಕಟ್ ಮಾಡಿ ವಿಡಿಯೋ ಹಾಕಿ 20 ವರ್ಷದಿಂದ ಮಾನ ತೆಗೀತಿದಾರೆ. ಸೀರೀಸ್‌ನಲ್ಲಿ ವಾಯ್ಸ್ ಆಕ್ಟಿಂಗ್ ಬಂದಿದ್ದೇ ಈ ಗೇಮಿಂದ, 2001ರಲ್ಲಿ. ಅದಕ್ಕೆ ಮುಂಚೆ ಎಲ್ಲ ಡಬ್ಬಿ ಒಳಗೆ ಅಕ್ಷರ ಓದ್ತಿದ್ವಿ.

ಲುಲುಫ್ಯಾನ್

ಗ್ರಿಡ್ ಬಗ್ಗೆ ನಾನು ಹೇಳ್ತೀನಿ, ಕಥೆ ಮೇಲಿನೋರು ಹೇಳಿ ಆಯ್ತು.

ಫಸ್ಟು, ಕೂಡಿ ಹಾಕಿರೋದನ್ನೆಲ್ಲ ಇವತ್ತೇ ಖರ್ಚು ಮಾಡು ಗುರು. ಹೆದರೋಕೇನೂ ಇಲ್ಲ. ನೀನು ಸ್ಟ್ಯಾಂಡರ್ಡ್ ಗ್ರಿಡ್ ತಗೊಂಡಿದ್ರೆ ಎಲ್ರದ್ದೂ ದಾರಿ ಹೆಚ್ಚುಕಮ್ಮಿ ಮೊದ್ಲೇ ಹಾಕಿಟ್ಟಿದಾರೆ, ಅದು ಚಕ್ರವ್ಯೂಹದ ಥರ ಕಾಣುತ್ತೆ ಅಷ್ಟೆ, ಹತ್ರ ಝೂಮ್ ಮಾಡಿದ್ರೆ ಒಂದು ಸಾಲು. ಫೈಟಲ್ಲಿ ಎಪಿ ಅನ್ನೋ ಪಾಯಿಂಟ್ ಬರುತ್ತೆ, ಅದು ತುಂಬಿದ್ರೆ ಒಂದು ಸ್ಫಿಯರ್ ಲೆವೆಲ್, ಒಂದು ಲೆವೆಲ್‌ಗೆ ಮುಂದಕ್ಕೆ ಒಂದು ಮನೆ, ಆಗ್ಲೇ ತುಂಬಿಸಿರೋ ಮನೆಗಳ ಮೇಲೆ ವಾಪಸ್ ಬರೋದಾದ್ರೆ ಅದೇ ಒಂದು ಲೆವೆಲ್‌ಗೆ ನಾಲ್ಕು ಮನೆ. ನಿಂತ ಜಾಗದಲ್ಲಿ ಮತ್ತೆ ಅಕ್ಕಪಕ್ಕದಲ್ಲಿ ಇರೋ ಮನೆಗೆ ಸರಿಯಾದ ಗೋಲಿ (ಸ್ಫಿಯರ್) ಹಾಕ್ಬೇಕು. ಪವರ್ ಗೋಲಿ ಎಚ್‌ಪಿ, ಶಕ್ತಿ, ಡಿಫೆನ್ಸಿಗೆ, ಮನಾ ಗೋಲಿ ಎಂಪಿ ಮ್ಯಾಜಿಕ್ ಕಡೆದಕ್ಕೆ, ಸ್ಪೀಡ್ ಗೋಲಿ ಚುರುಕು, ಗುರಿ, ತಪ್ಪಿಸ್ಕೊಳೋದಕ್ಕೆ, ಎಬಿಲಿಟಿ ಗೋಲಿ ಹೊಸ ವಿದ್ಯೆ ಕಲಿಯೋಕೆ. ಬೀಗ ಕಂಡ್ರೆ ಬಿಟ್ಟು ಮುಂದೆ ಹೋಗು, ಕೀಲಿ ಸ್ಫಿಯರ್ ಆಮೇಲೆ ಸಿಗುತ್ತೆ.

ಕಿಮಾರಿ ಒಬ್ನೇ ಯೋಚನೆ ಮಾಡ್ಬೇಕಾಗಿರೋನು. ಅವನನ್ನ ಗ್ರಿಡ್ ಮಧ್ಯ ಇಟ್ಟಿದಾರೆ, ಸ್ವಂತ ದಾರಿ ನಾಲ್ಕು ಹೆಜ್ಜೆಗೆ ಮುಗಿಯುತ್ತೆ, ಆಮೇಲೆ ಬೇರೆಯೋರ ಬೀದಿಗೇ ಹೋಗ್ಬೇಕು. ಹಾಗೇ ಬಿಟ್ರೆ ಆರಕ್ಕೇರಲ್ಲ ಮೂರಕ್ಕಿಳಿಯಲ್ಲ. ನಾನಾದ್ರೆ ಮೊದಲನೇ ಕೀಲಿ ಸಿಕ್ಕ ತಕ್ಷಣ ಸ್ಟೀಲ್ ಇರೋ ಕಡೆ ಕಳಿಸ್ತೀನಿ, ಕದಿಯೋನು ಒಬ್ಬ ಬೇಗ ರೆಡಿ ಆಗ್ತಾನೆ.

ಈಗ ಅಸಲಿ ಮಾತು. ನೀನು ಔರಾನ್‌ದು ಖರ್ಚೇ ಮಾಡಿಲ್ಲ ಅಂದ್ಮೇಲೆ ನಂಗೆ ಗೊತ್ತಾಯ್ತು, ನೀನು ಯಾರೋ ಮೂರು ಜನಾನೇ ಇಟ್ಕೊಂಡು ಆಡ್ತಿದೀಯ. ಈ ಗೇಮಲ್ಲಿ ಹಂಗ್ ಮಾಡ್ಬಾರ್ದು. ಎಲ್1 ಒತ್ತಿ ಆಳು ಬದಲಾಯಿಸಿದ್ರೆ ಟರ್ನ್ ಹೋಗಲ್ಲ, ಬಂದೋನು ಆ ಕ್ಷಣಕ್ಕೇ ಹೊಡೀಬಹುದು. ಎಪಿ ಹಂಚ್ಕೋಬೇಕಾಗಿಲ್ಲ, ಫೈಟಲ್ಲಿ ಒಂದ್ಸಲ ಕೈ ಆಡಿಸಿದ ಪ್ರತಿಯೊಬ್ರಿಗೂ ಪೂರ್ತಿ ಎಪಿ. ಸುಮ್ನೆ ಬಂದು ಡಿಫೆಂಡ್ ಒತ್ತಿ ಹೋದ್ರೂ ಸಾಕು. ಹೈರೋಡಲ್ಲೇ ನೋಡು, ತೋಳದ ಥರ ಚುರುಕಾಗಿರೋದಕ್ಕೆ ಟೀಡಸ್, ಹಾರೋ ಕಣ್ಣುಗುಡ್ಡೆಗೆ ವಾಕಾ ಚೆಂಡು, ಚಿಪ್ಪು ಹೊತ್ಕೊಂಡಿರೋ ರಾಲ್ಡೋಗೆ ಔರಾನ್ ಕತ್ತಿ, ಬೆಂಕಿ ಉಂಡೆ ಬಾಂಬ್‌ಗೆ ಲುಲು ಐಸು. ಬಾಗಿಲು ನೋಡಿ ಕೀಲಿ ಹಾಕೋ ಆಟ ಇದು.

ಮತ್ತೆ ಬಲಗಡೆ ಮೇಲೆ ಮುಖಗಳ ಪಟ್ಟಿ ಇರುತ್ತಲ್ಲ, ಅದನ್ನ ಓದೋದು ಕಲಿ. ನಾಲ್ಕನೇ ಭಾಗದಿಂದ ಒಂಬತ್ತನೇದರ ತನಕ ಎಟಿಬಿ ಅಂತ ಗೇಜ್ ತುಂಬೋ ಸಿಸ್ಟಮ್ ಇತ್ತು, ಗಡಿಬಿಡಿ ಮಾಡ್ಬೇಕಿತ್ತು. ಇದ್ರಲ್ಲಿ ಅದನ್ನ ತೆಗೆದು ಸಿಟಿಬಿ ಹಾಕಿದ್ರು, ನೀನು ಯೋಚನೆ ಮಾಡೋವರೆಗೂ ಜಗತ್ತೇ ನಿಂತಿರುತ್ತೆ. ಆದ್ರೆ ಯಾವ ಕೆಲಸಕ್ಕೆ ಎಷ್ಟು ಸುಸ್ತು ಅನ್ನೋ ಲೆಕ್ಕ ಇದೆ. ಕಮಾಂಡ್ ಮೇಲೆ ಕರ್ಸರ್ ಇಟ್ಟು ಒತ್ತದೆ ಪಟ್ಟಿ ನೋಡು, ನಿನ್ನ ಮುಂದಿನ ಸರದಿ ಮೇಲೆ ಕೆಳಗೆ ಜಾರುತ್ತೆ. ಟೀಡಸ್‌ಗೆ ಹೇಸ್ಟ್ ಅನ್ನೋ ವೇಗದ ಮಂತ್ರ ಬಂತು ಅಂದ್ಕೋ, ಬಾಸ್ ಒಂದು ಏಟು ಹೊಡೆಯೋ ಅಷ್ಟರಲ್ಲಿ ನಿಂದು ನಾಲ್ಕು.

ಬ್ಲಿಟ್ಸ್‌ಹುಚ್ಚ

ಸ್ಟ್ಯಾಂಡರ್ಡ್ ಗ್ರಿಡ್ ತಗೊಂಡಿದೀಯಾ? ಹೋಯ್ತು ಮಗಾ. ಎಕ್ಸ್‌ಪರ್ಟ್ ತಗೋಬೇಕಿತ್ತು, ಎಲ್ರೂ ನಡುಮಧ್ಯದಿಂದ ಶುರು, ಯಾರನ್ನ ಬೇಕಾದ್ರೂ ಏನು ಬೇಕಾದ್ರೂ ಮಾಡ್ಬಹುದು, ನಾನು ಲುಲುಗೆ ಕೊಡ್ಬೇಕಾದ್ದೆಲ್ಲ ಯೂನಾಗೆ ಕೊಟ್ಟು ಅವಳನ್ನೇ ಮಂತ್ರವಾದಿ ಮಾಡಿದ್ದೆ.

ಮತ್ತೆ ದಾರಿ ಬಗ್ಗೆ ನೀನು ಹೇಳಿದ್ದು ನಿಜ, ಇಲ್ಲಿ ಯಾರೂ ಒಪ್ಕೊಳಲ್ಲ. ಉದ್ದಕ್ಕೆ ಕಾರಿಡಾರ್. ಹಿಂದಿನ ಭಾಗಗಳಲ್ಲಿ ವರ್ಲ್ಡ್ ಮ್ಯಾಪ್ ಇತ್ತು, ಇದ್ರಲ್ಲಿ ಕಿತ್ತಾಕಿದ್ರು. ಕಥೆ ಚೆನ್ನಾಗಿದೆ ಅಂತ ಜನ ಕ್ಷಮಿಸಿದಾರೆ ಅಷ್ಟೆ.

ಬ್ಲಿಟ್ಸ್‌ಬಾಲ್ ಆಡು. ಲೂಕಾ ಮ್ಯಾಚ್ ಸೋತಿರ್ತೀಯ, ಪರ್ವಾಗಿಲ್ಲ, ಸೋತ್ರೂ ಕಥೆ ನಡಿಯುತ್ತೆ. ವಾಕಾ ಒಳ್ಳೇ ಆಟ್ಯಾಕ್‌ಗಳೆಲ್ಲ ಅಲ್ಲೇ ಇರೋದು. ಎಲ್ರೂ ಬೈತಾರೆ, ನಾನು ಒಬ್ನೇ ನೂರಾರು ಮ್ಯಾಚ್ ಆಡಿರೋದು ಇಲ್ಲಿ.

ಆ ಸುಮ್ನಾಗೋ ವಿಷ್ಯ ಕೇಳಿದ್ಯಲ್ಲ, ಅದು ಯಾಕೆ ಅಂದ್ರೆ ಯೂನಾ ಕೊನೇಲಿ

ಹಳೇಮೆಮೊರಿಕಾರ್ಡ್

ಬಾಯಿ ಮುಚ್ಚಪ್ಪಾ!!

ಬ್ಲಿಟ್ಸ್‌ಹುಚ್ಚ

ಅಯ್ಯೋ ಅರ್ಧಕ್ಕೇ ನಿಲ್ಸಿದೀನಿ, ಎಡಿಟ್ ಮಾಡೋಕೆ ಹೋದೆ ಪೋಸ್ಟ್ ಆಗೋಯ್ತು. ಸಾರಿ ಮಗಾ, ಏನೂ ಓದಿಲ್ಲ ಅಂದ್ಕೋ.

ಲುಲುಫ್ಯಾನ್

ಮೊದಲನೇ ಸಲ ಆಡೋನಿಗೆ ಎಕ್ಸ್‌ಪರ್ಟ್ ಹೇಳೋದು ಈಜು ಬರದೋನನ್ನ ನಡುಕೆರೆಗೆ ತಳ್ಳಿದ ಹಾಗೆ. ಎಕ್ಸ್‌ಪರ್ಟ್‌ನಲ್ಲಿ ಅಲ್ಲಿ ಇಲ್ಲಿ ಅಲೆದು ಯಾವುದನ್ನೂ ಪೂರ್ತಿ ಕಲಿಯದೆ ಎಲ್ರೂ ಅರೆಬೆಂದ ಹಾಗೆ ಆಗ್ತಾರೆ, ಒಟ್ಟು ಮನೆಗಳೂ ಸ್ವಲ್ಪ ಕಮ್ಮಿ. ರಾತ್ರಿಗೇಮರ್, ನಿಂದು ಸರಿಯಾಗೇ ಇದೆ, ತಲೆ ಕೆಡಿಸ್ಕೋಬೇಡ.

ರಾತ್ರಿಗೇಮರ್

ಥ್ಯಾಂಕ್ಸ್ ಎಲ್ರಿಗೂ. ಆ ಅರ್ಧ ವಾಕ್ಯ ಓದಿದೆ, ಏನೋ ಇದೆ ಅಂತ ಗೊತ್ತಾಯ್ತು, ಏನು ಅಂತ ಗೊತ್ತಾಗಿಲ್ಲ, ಗೆಸ್ ಮಾಡಲ್ಲ.

ಆಳು ಬದಲಾಯಿಸೋದು ಶುರು ಮಾಡ್ದೆ, ಬೇರೆ ಗೇಮೇ ಆಯ್ತು ಇದು. ಮೊನ್ನೆವರೆಗೂ ಆ ಚಿಪ್ಪಿನ ಪ್ರಾಣಿಗೆ ವಾಕಾ ಚೆಂಡಲ್ಲಿ ಹತ್ತು ಸಲ ಹೊಡೀತಿದ್ದೆ, ಹೇಳೋಕೆ ನಾಚ್ಕೆ ಆಗುತ್ತೆ. ಔರಾನ್‌ದು ಕೂಡಿಟ್ಟಿದ್ದ ಲೆವೆಲ್ ಎಲ್ಲ ಒಟ್ಟಿಗೆ ಹಾಕ್ದೆ, ಈಗ ಒಂದೇ ಏಟು.

ಇನ್ನೊಂದು ಪ್ರಶ್ನೆ, ಈ ಅಲ್ ಬೆಡ್ ಜನರ ಭಾಷೆ ಬುಕ್ಕುಗಳು ಎಲ್ಲಾ ಹುಡುಕ್ಬೇಕಾ? ಒಂದೊಂದು ಬುಕ್ಕಿಗೆ ಒಂದೊಂದು ಅಕ್ಷರ ಗೊತ್ತಾಗ್ತಿದೆ.

ಹಳೇಮೆಮೊರಿಕಾರ್ಡ್

ಒಟ್ಟು 26, ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು. ಅದು ಅಕ್ಷರ ಅದಲು ಬದಲು ಮಾಡಿರೋ ಗುಪ್ತಲಿಪಿ ಅಷ್ಟೆ, ಹುಟ್ಟಿಸಿದ ಭಾಷೆ ಏನಲ್ಲ. ಆದ್ರೆ ಕೆಲಸ ಚೆನ್ನಾಗಿ ಮಾಡುತ್ತೆ. ಶುರುವಿನಲ್ಲಿ ಹಡಗಿನ ಮೇಲೆ ಅವರು ಟೀಡಸ್‌ನ ಹಿಡ್ಕೊಂಡು ಏನೇನೋ ಮಾತಾಡ್ತಾರಲ್ಲ, ಮೊದಲ ಸಲ ಕಳ್ಳರ ಥರ ಕೇಳುತ್ತೆ. ಅಕ್ಷರ ಎಲ್ಲ ಸೇರಿಸ್ಕೊಂಡು ಎರಡನೇ ಸಲ ಆಡಿದ್ರೆ ಪಾಪ ಅವರು ಏನು ಮಾತಾಡ್ತಿದ್ರು ಅಂತ ಗೊತ್ತಾಗುತ್ತೆ. ವಾಕಾ ಅವರನ್ನ ಕಂಡ್ರೆ ಉರಿದು ಬೀಳ್ತಾನೆ ನೋಡಿ, ಮಕಿನಾ ಮುಟ್ಟೋ ಪಾಪಿಗಳು ಅಂತ. ಹುಡುಗ ಒಳ್ಳೇವನೇ, ಆ ವಿಷ್ಯದಲ್ಲಿ ಮಾತ್ರ ಮಠದೋರು ಹೇಳಿಕೊಟ್ಟಿದ್ದನ್ನ ಗಿಣಿ ಥರ ಹೇಳ್ತಾನೆ. ನಮಗೆ ಭಾಷೆ ಗೊತ್ತಿಲ್ಲದಿರೋದೂ ಅವನಿಗೆ ಆ ಜನ ಗೊತ್ತಿಲ್ಲದಿರೋದೂ ಒಂದೇ ಲೆಕ್ಕ, ಬುಕ್ಕು ಸಿಕ್ಕ ಹಾಗೆ ಎರಡೂ ಸ್ವಲ್ಪ ಸ್ವಲ್ಪ ಕರಗುತ್ತೆ.

ಮರುಭೂಮಿ ಕಡೆ ಹೋದಾಗ ಅಲ್ ಬೆಡ್ ಊರೊಳಗೆ ಇರೋ ಬುಕ್ಕುಗಳನ್ನ ಮಾತ್ರ ಬಿಡ್ಬೇಡಿ, ಅಲ್ಲಿಗೆ ಮತ್ತೆ ಹೋಗಕ್ಕಾಗಲ್ಲ.

ಹಾಗೇ ದೇವಸ್ಥಾನದ ಪಝಲ್‌ಗಳಲ್ಲಿ ಡಿಸ್ಟ್ರಕ್ಷನ್ ಸ್ಫಿಯರ್ ಅಂತ ಒಂದು ಇರುತ್ತೆ, ಅದರಿಂದ ತೆರೆಯೋ ಪೆಟ್ಟಿಗೆ ಎಲ್ಲಾ ಕಡೆ ತಗೊಳ್ಳಿ. ಒಂದು ರಹಸ್ಯ ಎಯಾನ್ ಬೇಕಾದ್ರೆ ಅಷ್ಟೂ ಬೇಕು. ಬೆಸೈಡಲ್ಲಿ ತಗೊಂಡ್ರಾ?

ರಾತ್ರಿಗೇಮರ್

ತಗೊಂಡಿಲ್ಲ 😭 ಆಮೇಲೆ ವಾಪಸ್ ಹೋಗ್ಬಹುದಾ?

ಲುಲುಫ್ಯಾನ್

ಹೋಗ್ಬಹುದು. ಆದ್ರೆ ಎಚ್‌ಡಿಲಿ ಇರೋದು ಕಷ್ಟದ ಬಾಸ್‌ಗಳನ್ನ ಸೇರಿಸಿರೋ ಇಂಟರ್‌ನ್ಯಾಷನಲ್ ವರ್ಷನ್ನು, ಕೊನೆ ಹೊತ್ತಿಗೆ ಬೆಸೈಡ್ ಬಾಗಿಲಲ್ಲಿ ಡಾರ್ಕ್ ವೇಲ್‌ಫೋರ್ ನಿಂತಿರುತ್ತೆ, ಅದಕ್ಕೆ 8 ಲಕ್ಷ ಎಚ್‌ಪಿ. ಮಕಲಾನಿಯಾದಲ್ಲೂ ಹಂಗೇ ಡಾರ್ಕ್ ಶಿವಾ. ಅಲ್ಲಾದ್ರೂ ಮರೀಬೇಡ.

ರಾತ್ರಿಗೇಮರ್

ಎಂಟು ದಿನ ಆಯ್ತು, ವಾಪಸ್ ಬಂದೆ. ಮರುಭೂಮಿ ದಾಟಿ ಅಲ್ ಬೆಡ್ ಊರು ನೋಡ್ದೆ. ಇನ್ಮೇಲೆ ನಾನು ಬರೆಯೋದ್ರಲ್ಲಿ ದೊಡ್ಡ ಸ್ಪಾಯ್ಲರ್ ಇದೆ, ಆಡದೇ ಇರೋರು ಇಲ್ಲೇ ನಿಲ್ಲಿ.

ಗೊತ್ತಾಯ್ತು. ಫೈನಲ್ ಎಯಾನ್ ಕರೆದ್ರೆ ಸಿನ್ ಜೊತೆ ಸಮನ್ನರ್ರೂ ಸಾಯ್ತಾಳೆ. ಟೀಡಸ್ ಬಿಟ್ಟು ಎಲ್ರಿಗೂ ಮೊದಲಿಂದ್ಲೂ ಗೊತ್ತಿತ್ತು. ದಾರಿಲಿ ಸಿಕ್ಕಿ ಕೈ ಮುಗಿದ ಮುದುಕರಿಗೆ ಗೊತ್ತಿತ್ತು, ಲೂಕಾದಲ್ಲಿ ಜೈಕಾರ ಹಾಕಿದೋರಿಗೆ ಗೊತ್ತಿತ್ತು. ಅವನೊಬ್ಬ ಮಾತ್ರ ಮುಗಿದ್ಮೇಲೆ ಝಾನಾರ್ಕಂಡ್ ಹೋಗೋಣ ಬ್ಲಿಟ್ಸ್‌ಬಾಲ್ ನೋಡೋಣ ಅಂತ ಅವಳ ಮುಖಕ್ಕೇ ಹೇಳ್ಕೊಂಡು ಬಂದಿದಾನೆ. ನಾನು ವಾಯ್ಸ್ ಟೈಮಿಂಗ್ ಸರಿ ಇಲ್ಲ ಅಂತ ಬರೆದಿದ್ನಲ್ಲ, ಆ ಪೋಸ್ಟ್ ಡಿಲೀಟ್ ಮಾಡೋಣ ಅಂದ್ಕೊಂಡೆ, ಬೇಡ ಇರ್ಲಿ ಅಂತ ಬಿಟ್ಟೆ.

ಅವನು ತಿಳ್ಕೊಂಡ್ಮೇಲೆ ನಾನು ಅವಳಿಗೆ ಏನೇನೆಲ್ಲ ಹೇಳ್ಬಿಟ್ಟೆ ಅಂತ ಒದ್ದಾಡ್ತಾನಲ್ಲ, ಆಗ ನನಗೂ ಒಂದೊಂದೇ ಸೀನ್ ನೆನಪಾಗಿ ಹೊಟ್ಟೆ ತೊಳೆಸಿದ ಹಾಗಾಯ್ತು. ಆ ನಗೋ ಸೀನ್ ಹುಡುಕಿ ಮತ್ತೆ ನೋಡ್ದೆ. ಈ ಸಲ ಸೌಂಡ್ ಕಮ್ಮಿ ಮಾಡ್ಲಿಲ್ಲ.

ಬ್ಲಿಟ್ಸ್‌ಹುಚ್ಚ

ಈಗ ಹೇಳ್ಬಹುದಾ ನಾನು? ಹೇಳೋಕೆ ಏನೂ ಉಳ್ಸಿಲ್ಲ ನೀನು.

ಹಳೇಮೆಮೊರಿಕಾರ್ಡ್

ಆ ಪೋಸ್ಟ್ ಡಿಲೀಟ್ ಮಾಡದೇ ಇದ್ದಿದ್ದು ಒಳ್ಳೇದಾಯ್ತು. ಇಪ್ಪತ್ತು ವರ್ಷದ ಹಿಂದೆ ನಾನೂ ಹಂಗೇ ಅಂದ್ಕೊಂಡಿದ್ದೆ, ಡಬ್ಬಿಂಗ್ ಕೆಟ್ಟದಾಗಿದೆ ಅಂತ.

ಈಗ ದಾರಿ ವಿಷ್ಯಕ್ಕೆ ಬರ್ತೀನಿ, ಅವತ್ತು ಬೇಕಂತ್ಲೇ ಮಾತಾಡಿರಲಿಲ್ಲ. ಕಾರಿಡಾರ್ ಅಂತ ಬ್ಲಿಟ್ಸ್‌ಹುಚ್ಚ ಅಂದಿದ್ದು ಸುಳ್ಳಲ್ಲ, ಡೆವಲಪರ್‌ಗಳು ಹಿನ್ನೆಲೆ ಬಹುಪಾಲು 3ಡಿ ಮಾಡೋಕೆ ಹೋಗಿ ಹಳೇ ವರ್ಲ್ಡ್ ಮ್ಯಾಪ್ ಕೈ ಬಿಟ್ರು, ಅದು ಇದ್ದಿದ್ದೇ. ಆದ್ರೆ ಈ ಕಥೆಗೆ ಆ ದಾರಿ ಕೂತಿರೋ ರೀತಿ ನೋಡಿ. ಇದು ಒಂದು ಯಾತ್ರೆ. ಸಾವಿರ ವರ್ಷದಿಂದ ಇದೇ ರಸ್ತೆ, ಇದೇ ದೇವಸ್ಥಾನ, ಇದೇ ಸರದಿ. ಅವಳಪ್ಪನೂ ಇದೇ ರಸ್ತೆಲಿ ಹೋಗಿ ಸತ್ತಿದ್ದು. ಪಕ್ಕಕ್ಕೆ ತಿರುಗೋಕೆ ಜಾಗ ಇಲ್ಲ ಅನ್ನೋದು ನಮಗೆ ಮ್ಯಾಪಿನ ಕೊರತೆ ಥರ ಕಾಣುತ್ತೆ, ಅವಳಿಗೆ ಅದು ಬದುಕು. ಬಾಣದ ಗುರುತು ಎಲ್ಲಿಗೆ ತೋರಿಸ್ತಿತ್ತು ಅಂತ ಈಗ ನಿಮಗೆ ಗೊತ್ತಲ್ಲ.

ಬೆವೆಲ್ ಗಲಾಟೆ ಮುಗಿಸಿ ಇನ್ನೇನು ಕಾಮ್ ಲ್ಯಾಂಡ್ಸ್‌ಗೆ ಬರ್ತೀರ. ಮೊದಲ ಸಲ ದಾರಿನೇ ಇಲ್ಲದ ದೊಡ್ಡ ಬಯಲು, ಎಲ್ಲಿ ಬೇಕಾದ್ರೂ ಓಡಿ. ಹಿಂದಿನ ಸಮನ್ನರ್‌ಗಳು ಸಿನ್ ಜೊತೆ ಕಾದಾಡಿದ ಜಾಗ, ಅದರಾಚೆ ಊರಿಲ್ಲ ಕೇರಿ ಇಲ್ಲ. ಎಷ್ಟೋ ಸಮನ್ನರ್‌ಗಳು ಇಲ್ಲೇ ದಾರಿ ತಪ್ಪಿದಾರೆ ಅನ್ನೋ ಮಾತು ಅಲ್ಲಿ ಬರುತ್ತೆ, ಕಿವಿಗೊಟ್ಟು ಕೇಳಿ. ಆಮೇಲೆ ಗೇಮ್ ಏನು ಮಾಡುತ್ತೆ ಅಂದ್ರೆ ಸೈಡ್ ಕೆಲಸ ಅಷ್ಟೂ ಅಲ್ಲೇ ಸುರೀತಾರೆ, ಫೀಂಡ್ ಹಿಡಿದು ತಂದು ಕೊಡೋ ಮಾನ್‌ಸ್ಟರ್ ಅರೀನಾ ಅಲ್ಲೇ, ಸವಾರಿ ಹಕ್ಕಿ ಚೊಕೊಬೋ ಪಳಗಿಸೋದು ಅಲ್ಲೇ. ನಾನು ಅಲ್ಲಿ ಹದಿನೈದು ಗಂಟೆ ಕಳೆದೆ. ಕೆಲಸ ಇತ್ತು ಅಂತಲ್ಲ, ಮುಂದಕ್ಕೆ ಹೋದ್ರೆ ಬೆಟ್ಟ, ಬೆಟ್ಟ ದಾಟಿದ್ರೆ ಝಾನಾರ್ಕಂಡ್. ನಾನೂ ದಾರಿ ತಪ್ಪಿದ ಗಾರ್ಡಿಯನ್ನೇ (ಸಮನ್ನರ್ ಕಾವಲುಗಾರ) ಆಗಿದ್ದೆ.

ಬ್ಲಿಟ್ಸ್‌ಹುಚ್ಚ

ಚೆನ್ನಾಗಿ ಹೇಳಿದ್ರಿ ಒಪ್ತೀನಿ, ಆದ್ರೂ ಥಂಡರ್ ಪ್ಲೇನ್ಸ್ ಕಾರಿಡಾರ್ ಕಾರಿಡಾರ್ರೇ. ಲುಲು ಆಯುಧಕ್ಕೆ ಒಂದೇ ಸಮ 200 ಸಿಡಿಲು ತಪ್ಪಿಸ್ಕೋಬೇಕು ಅನ್ನೋದ್ರಲ್ಲಿ ಯಾವ ಯಾತ್ರೆನೂ ಇಲ್ಲ, ಯಾರೋ ನಮ್ಮ ಮೇಲೆ ಹಗೆ ತೀರಿಸ್ಕೊಂಡಿರೋದು. ನಾನು 187ರಲ್ಲಿ ಸೀನಿದೆ.

ಲುಲುಫ್ಯಾನ್

ಹಹಹ ಸೀನಿದ್ಯಾ. ನಾನು ಹೊಡೆದಿದೀನಿ, ಎರಡು ರಾತ್ರಿ.

ನಂಗೆ ಇಷ್ಟವಾಗೋದು ಬೇರೆ. ಸಿಸ್ಟಮ್ಮಿಗೂ ಕಥೆಗೂ ಒಂದೇ ಸಾಮಾನು ಬಳಸಿದಾರೆ. ಸ್ಫಿಯರ್ ಅಂದ್ರೆ ಸ್ಪೀರಾದಲ್ಲಿ ನೆನಪು ತುಂಬಿಡೋ ಡಬ್ಬಿ, ಟೀಡಸ್ ಅಪ್ಪ ಜೆಕ್ಟ್ ಮಾತಾಡಿಟ್ಟಿರೋ ವಿಡಿಯೋ ಅದ್ರಲ್ಲೇ, ಸೇವ್ ಮಾಡೋದು ಅದೇ, ಶಕ್ತಿ ಬೆಳೆಯೋದು ಅದೇ, ಆಟ ಆಡೋ ನೀರಿನ ಗುಂಡೂ ಅದೇ. ಎಯಾನ್ ನೋಡು, ಹಳೇ ಭಾಗಗಳಲ್ಲಿ ಕರೆದ್ರೆ ಒಂದು ಏಟು ಹೊಡೆದು ಮಾಯ ಆಗ್ತಿತ್ತು, ಇಲ್ಲಿ ಬಂದು ನಿಲ್ಲುತ್ತೆ, ಉಳಿದೋರೆಲ್ಲ ಪಕ್ಕಕ್ಕೆ ಸರೀತಾರೆ, ಏಟೆಲ್ಲ ಅದೇ ತಿನ್ನುತ್ತೆ. ಬಾಸ್ ದೊಡ್ಡ ಆಟ್ಯಾಕ್ ಹೊಡೆಯೋ ಹೊತ್ತಿಗೆ ಅದನ್ನ ಕರೆದು ಗುರಾಣಿ ಮಾಡ್ತೀವಿ ಅಲ್ವಾ, ನಾನೂ ಮಾಡ್ತೀನಿ. ಪಾಪದ ವೇಲ್‌ಫೋರ್ ರೆಕ್ಕೆ ಬಿಚ್ಕೊಂಡು ನಮ್ಮ ಬದಲು ಸಾಯುತ್ತೆ. ಫೇಯ್ತ್ ಅಂದ್ರೆ ಎಯಾನ್‌ಗೋಸ್ಕರ ಪ್ರಾಣ ಕೊಟ್ಟ ಮನುಷ್ಯರೇ ಅಂತ ತಿಳಿದ್ಮೇಲೆ ಅದನ್ನ ಮಾಡೋವಾಗ ಕೈ ಒಂಥರಾ ಆಗುತ್ತೆ. ಆದ್ರೂ ಮಾಡ್ತೀನಿ.

ಓವರ್‌ಡ್ರೈವ್ (ಗೇಜ್ ತುಂಬಿದ್ರೆ ಹೊಡೆಯೋ ವಿಶೇಷ ಏಟು) ಮೋಡ್ ಬದಲಾಯಿಸಿದ್ಯಾ? ಶುರುವಿಗೆ ಎಲ್ರದ್ದೂ ಸ್ಟೋಯಿಕ್, ಏಟು ತಿಂದ್ರೆ ಮಾತ್ರ ತುಂಬುತ್ತೆ. ಕಾಮ್ರೇಡ್ ಬಂದಿದ್ರೆ ಹಾಕ್ಕೋ, ಪಕ್ಕದೋರು ತಿಂದ್ರೆ ತುಂಬುತ್ತೆ.

ರಾತ್ರಿಗೇಮರ್

ಗಗಾಝೆಟ್ ಬೆಟ್ಟದ ಮೇಲೆ ಸೀಮೋರ್ ಫ್ಲಕ್ಸ್ ಅನ್ನೋನ ಹತ್ರ ಆರು ಸಲ ಸತ್ತೆ. ಮದುವೆ ಮಾಡ್ಕೊಳೋಕೆ ಬಂದೋನು ಇನ್ನೂ ಸಾಯ್ತಿಲ್ಲ ಇವನು. ಈಟಿಲಿ ಚುಚ್ಚಿ ಜಾಂಬಿ ಮಾಡ್ತಾನೆ, ಆಮೇಲೆ ಹಿಂದಿರೋ ಯಂತ್ರ ಅದೇ ಆಳಿಗೆ ಫುಲ್ ಲೈಫ್ ಹಾಕುತ್ತೆ, ಸತ್ತ. ಬದುಕಿಸೋ ಮಂತ್ರದಲ್ಲಿ ಸಾಯ್ಸ್ತಾನೆ, ಇದ್ಯಾವ ನ್ಯಾಯ. ಕಾಮ್ ಲ್ಯಾಂಡ್ಸ್‌ನಲ್ಲಿ ನಾನೂ ದಾರಿ ತಪ್ಪಿದೆ, ಆದ್ರೆ ಬರೀ ಚೊಕೊಬೋ ಓಡಿಸ್ತಾ, ಲೆವೆಲ್ ಮಾಡ್ಲಿಲ್ಲ.

ಲುಲುಫ್ಯಾನ್

ಅವನಿಗೆ 70,000 ಎಚ್‌ಪಿ, ಹೊಡೆದೇ ಗೆಲ್ತೀನಿ ಅಂತ ಹೋದ್ರೆ ಆಗಲ್ಲ. ಚುಚ್ಚಿದ ತಕ್ಷಣ ಆ ಆಳಿಗೆ ಹೋಲಿ ವಾಟರ್, ಫುಲ್ ಲೈಫ್ ಬರೋಕೆ ಮುಂಚೆ. ಜಾಂಬಿ ಹೋಗಿದ್ರೆ ಆ ಫುಲ್ ಲೈಫಿಂದ ಸಾಯಲ್ಲ. ಲುಲುಗೆ ಬಯೋ ಇದ್ರೆ ಮೊದಲೇ ಹಾಕು, ಅವನಿಗೆ ವಿಷ ಹತ್ತುತ್ತೆ, ತಾನಾಗೇ ಇಳೀತಾ ಇರ್ತಾನೆ. ಟೋಟಲ್ ಆನಿಹಿಲೇಷನ್ ರೆಡಿ ಮಾಡ್ತಿದೀನಿ ಅಂತ ತೋರ್ಸಿದಾಗ ಎಯಾನ್ ಮುಂದೆ ಬಿಡು. ಪಟ್ಟಿ ನೋಡ್ಕೊಂಡು ಆಡು, ಅವನ ಸರದಿಗೂ ಯಂತ್ರದ ಸರದಿಗೂ ಮಧ್ಯ ನಿಂಗೆ ಟರ್ನ್ ಸಿಕ್ಕಿದ್ರೆ ಅದ್ರಲ್ಲೇ ನೀರು ಹಾಕ್ಬೇಕು.

ರಾತ್ರಿಗೇಮರ್

ಬಿದ್ದ!!! ಹನ್ನೊಂದನೇ ಸಲಕ್ಕೆ. ಹೋಲಿ ವಾಟರ್ ಒಂದೇ ಒಂದು ಉಳಿದಿತ್ತು. ನಾಳೆ ಝಾನಾರ್ಕಂಡ್.

ಹಳೇಮೆಮೊರಿಕಾರ್ಡ್

ನಾಳೆ ಅಲ್ಲಿ ಯೂನಲೆಸ್ಕಾ ಸಿಕ್ತಾಳೆ, ಮೂರು ರೂಪ. ಮೊದಲನೇದ್ರಲ್ಲಿ ಕತ್ತಿ ಎತ್ತಿದ್ರೆ ಕುರುಡು ಮಾಡ್ತಾಳೆ, ಮಂತ್ರ ಹಾಕಿದ್ರೆ ಬಾಯಿ ಕಟ್ತಾಳೆ. ಎರಡನೇದ್ರಲ್ಲಿ ಎಲ್ರನ್ನೂ ಜಾಂಬಿ ಮಾಡ್ತಾಳೆ. ಫ್ಲಕ್ಸ್ ಹತ್ರ ಕಲಿತಿದ್ದು ಅಲ್ಲಿ ಉಲ್ಟಾ. ಮೂರನೇ ರೂಪಕ್ಕೆ ಬಂದ ಕೂಡ್ಲೇ ಮೆಗಾ ಡೆತ್ ಅಂತ ಹಾಕ್ತಾಳೆ, ಬದುಕಿರೋರೆಲ್ಲ ಸತ್ರು. ಜಾಂಬಿ ಆಗಿರೋನು ಮಾತ್ರ ಉಳೀತಾನೆ. ಹಾಗಾಗಿ ಒಬ್ಬಿಬ್ಬರಿಗಾದ್ರೂ ಜಾಂಬಿ ತೆಗೀದೆ ಹಾಗೇ ಬಿಡಿ. ಅವಳಿಗಿಂತ ಮುಂಚೆ ಬರೋ ಕಟ್‌ಸೀನ್ ಉದ್ದ ಇದೆ, ಪಿಎಸ್4ಲಿ ಸ್ಕಿಪ್ ಇಲ್ಲ, ಸೇವ್ ಮಾಡ್ಕೊಂಡೇ ಹೋಗಿ. ಆ ಕಟ್‌ಸೀನ್ ಬಗ್ಗೆ ನೀವು ನೋಡಿ ಬಂದ್ಮೇಲೆ ಮಾತಾಡೋಣ.

ರಾತ್ರಿಗೇಮರ್

ನಿಮ್ಮ ಮೆಸೇಜ್ ಈಗ ನೋಡ್ದೆ. ನಿದ್ದೆ ಬರ್ಲಿಲ್ಲ ಅಂತ ರಾತ್ರಿನೇ ಹೋದೆ. ಎರಡನೇ ರೂಪದಲ್ಲಿ ಎಲ್ರಿಗೂ ಹೋಲಿ ವಾಟರ್ ಹಾಕಿ ನೀಟಾಗಿ ತೊಳೆದಿಟ್ಟಿದ್ದೆ.

ಕಟ್‌ಸೀನ್ ಈಗ ಮೂರನೇ ಸಲ ಓಡ್ತಿದೆ. ಮೂರನೇ ಸಲವೂ ಅಳು ಬರ್ತಿದೆ, ಏನು ಮಾಡ್ಲಿ.